ವಾರಕ್ಕೊಮ್ಮೆ ಚಿತ್

ಮಂಡಕ್ಕಿ ಭಟ್ಟಿಯ ಹೊಗೆ ಇನ್ನೂ ಓಣಿಯ ಮೇಲೇ ಕೂತಿರುವಾಗ
ಬುಡೇನ್‌ಸಾಬನ ಪಡಸಾಲೆಯಲ್ಲಿ ಚಾಪೆ ಹಾಸಿರುತ್ತದೆ.
"ಬಾರೋ ಕೊಟ್ರೇಶಿ, ಚಿತ್ ಆಗು" ಅನ್ನುತ್ತಾನೆ.
ನಗುವುದಿಲ್ಲ. ನಾನೂ ನಗುವುದಿಲ್ಲ.
ಅಂಗಾತ ಮಲಗುತ್ತೇನೆ, ಎರಡೂ ಭುಜ ನೆಲಕ್ಕೆ.
ಪಂಚರಿಲ್ಲ, ಸೀಟಿಯಿಲ್ಲ,
ಮೂಲೆಯಲ್ಲಿ ಅವನ ಮೊಮ್ಮಗಳ ಹೊಲಿಗೆ ಮಿಶಿನ್ನು ಮಾತ್ರ ಟಕಟಕ.

ಎಳ್ಳೆಣ್ಣೆ, ಅದರಲ್ಲಿ ಕಪ್ಪಗಾದ ಬೆಳ್ಳುಳ್ಳಿ, ಓಮ, ಲಕ್ಕಿಸೊಪ್ಪು.
ಮೊದಲು ತನ್ನ ಅಂಗೈಗೆ ಹಾಕಿ ಬಿಸಿ ನೋಡುತ್ತಾನೆ,
ಕೂಸಿಗೆ ನೀರು ಹದ ನೋಡುವ ಹಾಗೆ.
ಚಿಪ್ಪನ್ನು ಮುಟ್ಟುವುದಿಲ್ಲ.
ತೊಡೆಯಿಂದ ಇಳಿಯುತ್ತಾನೆ, ಮೀನಖಂಡದಿಂದ ಏರುತ್ತಾನೆ,
ನೋವಿನ ಊರಿಗೆ ನೇರ ದಾರಿ ಹಿಡಿಯದೆ
ಬದುವಿನ ಮೇಲೆ ಸುತ್ತಿ ಬರುವವನಂತೆ.

ಊದಿ ಕಾವೇರಿದ ದಿನ ಕೈಯನ್ನೇ ಇಡುವುದಿಲ್ಲ.
"ಇವತ್ತು ಅದು ಸಿಟ್ಟಾಗೈತಿ. ಸಿಟ್ಟಾದವ್ರ ಜೊತಿ ಕುಸ್ತಿ ಬ್ಯಾಡ"
ಎಂದು ಒದ್ದೆ ಬಟ್ಟೆ ಹಾಕಿ, ಚಹಾ ಕುಡಿಸಿ ಕಳಿಸುತ್ತಾನೆ.
ದುಡ್ಡು ಮುಟ್ಟುವುದಿಲ್ಲ.
ಒಮ್ಮೆ ನೂರರ ನೋಟು ಚಾಪೆಯಡಿ ಇಟ್ಟು ಬಂದೆ;
ಮರುವಾರ ಅದೇ ನೋಟು, ಎಣ್ಣೆ ಕಲೆ ಸಮೇತ, ನನ್ನ ಜೇಬಿನಲ್ಲಿ.

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದ್ದರು:
ಇಲ್ಲಿ ಸಂದು ಇರಬೇಕಿತ್ತು, ಇಲ್ಲ.
ಎಲುಬಿನ ಮೇಲೆ ಎಲುಬು, ಗಾರೆ ಉದುರಿದ ಗೋಡೆ.
ವಯಸ್ಸು, ಅಂದರು.
ಮಿಲ್ಲಿನಲ್ಲಿ ನಿಂತೇ ಕಳೆದ ಇಪ್ಪತ್ತಾರು ವರ್ಷ, ಅಂದರು.
ಹಳೇ ಪೆಟ್ಟು ಏನಾದರೂ?
ಇಲ್ಲ, ಅಂದೆ.

ಇತ್ತು.
ಹೈಸ್ಕೂಲ್ ಮೈದಾನ, ಎಂಬತ್ತಮೂರನೇ ಇಸವಿ,
ಅರಿಶಿನ, ಮಜ್ಜಿಗೆ ಕುಡಿದ ಕೆಮ್ಮಣ್ಣಿನ ಮಟ್ಟಿ.
ಹನ್ನೊಂದನೇ ನಿಮಿಷ ಅವನು ನನ್ನ ಎಡಗಾಲು ಎಳೆದುಕೊಂಡ.
ಶೇಂಗಾ ಒಡೆದಷ್ಟೇ ಸದ್ದು.
ಹಲಗೆಯ ಗದ್ದಲದಲ್ಲಿ ಮೈದಾನಕ್ಕೆ ಮೈದಾನಕ್ಕೇ ಕೇಳಿಸಲಿಲ್ಲ,
ಇಬ್ಬರಿಗೆ ಕೇಳಿಸಿತು.
ಬೆಳ್ಳಿ ಕಡಗ ಅವನ ಕೈಗೆ ಹೋಯಿತು.
ಆಮೇಲೆ ಎಂಟು ವರ್ಷ ಎದುರಾದರೆ ಓಣಿ ಬದಲಿಸುತ್ತಿದ್ದೆವು.
ಯಾಕೆ ಬಿಟ್ಟೆವೋ ನೆನಪಿಲ್ಲ.
ಮಿಲ್ಲಿನಲ್ಲಿ ಒಂದೇ ಪಾಳಿಗೆ ಬಿದ್ದೆವು, ಅಷ್ಟೇ ಇರಬೇಕು.

ಭಟ್ಟಿಯಿಂದ ಸೊಸೆ ತಂದ ಬಿಸಿ ಉಸುಕಿನ ಗಂಟು
ಮೊಣಕಾಲ ಹಿಂದಿನ ಗುಳಿಯಲ್ಲಿ ಕೂತಾಗ
ಕಣ್ಣು ತಾನೇ ಮುಚ್ಚುತ್ತದೆ.
ಎಷ್ಟು ಚೀಲ ಅಕ್ಕಿ ಅರಳಿಸಿತ್ತೋ ಆ ಉಸುಕು.
ನನ್ನಲ್ಲಿ ಅರಳುವುದೇನೂ ಉಳಿದಿಲ್ಲ, ಸಡಿಲುತ್ತದೆ ಸ್ವಲ್ಪ.
ಬುಧವಾರದವರೆಗೆ ಸಾಕು.
ಬುಧವಾರದವರೆಗೆ ಪಾಯಖಾನೆಯಲ್ಲಿ ಗೋಡೆ ಹಿಡಿಯದೆ ಏಳುತ್ತೇನೆ,
ಹಾಲಮ್ಮನಿಗೆ ಕಟ್ಟೆ ಮೇಲಿನ ಕೊಡ ಇಳಿಸಿಕೊಡುತ್ತೇನೆ.
ಗುರುವಾರ ನೋವು ಮತ್ತೆ ಬರುತ್ತದೆ,
ನೆಂಟರ ಹಾಗೆ ಚಪ್ಪಲಿ ಬಿಟ್ಟು ಒಳಗೇ ಬಂದು ಕೂರುತ್ತದೆ.

ಹೋದ ವಾರ ಅವನ ಹೆಬ್ಬೆರಳು ಒಂದು ಕಡೆ ನಿಂತಿತು,
ಚಿಪ್ಪಿನ ಒಳಬದಿ, ಎರಡು ಬೆರಳು ಕೆಳಗೆ.
ಮಿಶಿನ್ನೂ ನಿಂತಿತ್ತು, ದಾರ ಕಡಿದಿರಬೇಕು.
"ಇಲ್ಲಿ" ಅಂದ. "ಆವತ್ತೂ ಇಲ್ಲೇ."
ನಾನು ತೊಲೆ ನೋಡುತ್ತಿದ್ದೆ.
"ಬಿಡಬೋದಿತ್ತು. ಬಿಡಲಿಲ್ಲ."

ನಲವತ್ತು ವರ್ಷ ಮಸೆದಿಟ್ಟ ಮಾತು
ಒಂದೂ ಬಾಯಿಗೆ ಬರಲಿಲ್ಲ.
"ಸ್ವಲ್ಪ ಮ್ಯಾಲೆ" ಅಂದೆ.
ಮೇಲೆ ಒತ್ತಿದ.
ಮೊಮ್ಮಗಳು ಸೂಜಿಗೆ ದಾರ ಪೋಣಿಸಿಕೊಂಡಳು.

ಏಳುವಾಗ ನಾನು ಅವನ ಹೆಗಲು ಹಿಡಿದೆ, ಅವನು ನನ್ನ ರಟ್ಟೆ.
ಜೋಡಿ ಬಿಟ್ಟ ಪೈಲ್ವಾನರ ಹಾಗೆ ಒಂದು ಗಳಿಗೆ
ಹಣೆಗೆ ಹಣೆ ತಾಗುವಷ್ಟು ಹತ್ತಿರ,
ಯಾರು ಯಾರನ್ನು ಎತ್ತುತ್ತಿದ್ದೇವೆ ಗೊತ್ತಾಗದೆ, ಉಸಿರು ಬಿಗಿಹಿಡಿದು.
ಟಕ್ ಎಂದಿತು ಎಲ್ಲೋ ಒಂದು ಕೀಲು.
ಶೇಂಗಾ ಒಡೆದಷ್ಟೇ.

"ನಂದಲ್ಲ" ಅಂದ.
ನಂದೂ ಅಲ್ಲ.